ಲೈನಿಂಗ್ ಹಾಕಿದ ಪಶ್ಚಾತ್ತಾಪ

ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಹಿಂದಿನವರು ಗೋಣಿತಟ್ಟು ಉಟ್ಟು ಪಶ್ಚಾತ್ತಾಪಪಡುತ್ತಿದ್ದರೆಂದು ಫಾದರ್ ಪ್ರಸಂಗದಲ್ಲಿ ಹೇಳಿದ್ದೇ ತಪ್ಪಾಯಿತು. ಸೋಮವಾರ ಬೆಳಗಾಗುತ್ತಲೇ ದರ್ಜಿ ಒಂದು ಗೋಣಿಚೀಲ ಬಿಚ್ಚಿ ಮೇಜಿನ ಮೇಲೆ ಹರಡಿದ. ಟೇಪು ಹಿಡಿದು ತನ್ನೆದೆ ತಾನೇ ಅಳೆದುಕೊಂಡ. ಕಾಲರ್ ಇಟ್ಟ, ಜೇಬು ಇಟ್ಟ. ಮೈ ಚುಚ್ಚಬಾರದಲ್ಲ, ಒಳಗೆ ಮೆತ್ತಗಿನ ಹತ್ತಿಬಟ್ಟೆಯ ಲೈನಿಂಗ್ ಬೇರೆ! ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಏನ್ರೀ, ಪಶ್ಚಾತ್ತಾಪಕ್ಕೂ ಫಿಟ್ಟಿಂಗ್ ನೋಡ್ತೀರಾ?"

"ನಿಂಗೇನು ಗೊತ್ತು? ಇದು ದೇವರ ಚಿತ್ತ."

"ದೇವರ ಚಿತ್ತಕ್ಕೆ ಅಂಗಿ ಯಾಕ್ರೀ? ಮೂರು ಬೀದಿ ದಾಟಿ ನಿಮ್ಮ ತಮ್ಮನ ಹೆಂಡ್ತಿ ಮನೆ ಬಾಗಿಲು ತಟ್ಟಿ, ಸಾಕು."

ಅವನು ಕಿವಿ ಕೇಳದವನ ಹಾಗೆ ಮೆಷಿನ್ ತುಳಿದ.

ಮೂರು ವರ್ಷದ ಹಿಂದೆ ಚರ್ಚಿನ ಹೊಲಿಗೆ ಕೋಣೆಯಲ್ಲಿ ಫಾದರ್ ಅವರ ಬಿಳಿ ಪೂಜಾವಸ್ತ್ರದ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಬಿಟ್ಟು ಹರಟೆ ಹೊಡೆಯಲು ಹೋಗಿದ್ದವನು ಇವನೇ. ರೇಷ್ಮೆ ಸುಟ್ಟು ಕರಕಲಾದಾಗ, ತೀರಿಕೊಂಡ ತಮ್ಮನ ಹೆಂಡತಿಯತ್ತ ಬೆರಳು ತೋರಿಸಿದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ! ಅಲ್ಲಿನ ಹೊಲಿಗೆ ಕೆಲಸ ಕಳೆದುಕೊಂಡ ಅವಳು ಈಗ ಕಾರ್ಖಾನೆಯೊಂದರ ನೆಲ ಒರೆಸುತ್ತಾಳೆ. ನಡೆದದ್ದನ್ನು ಕಣ್ಣಾರೆ ಕಂಡವಳು ದರ್ಜಿಯ ಹೆಂಡತಿಯೊಬ್ಬಳೇ. ಆ ಕೋಣೆಗೆ ಮತ್ತೆ ಆಳು ಬೇಕಾಗಿ, ಓರಗಿತ್ತಿ ಅರ್ಜಿ ಹಾಕಿದ್ದಳು. ಬರುವ ಭಾನುವಾರ ತೀರ್ಮಾನ. ದರ್ಜಿ ಒಂದು ಮಾತು ಆಡಿದ್ದರೆ ನಾಲಿಗೆಯೇನು ಸವೆದು ಹೋಗುತ್ತಿತ್ತೇ?

ಭಾನುವಾರ ಅವನು ಗೋಣಿ ಅಂಗಿ ತೊಟ್ಟು, ಬೀದಿಯವರೆಲ್ಲ ನೋಡಲೆಂದು ನಿಧಾನವಾಗಿ ನಡೆದ. ಪೂಜೆ ಮುಗಿದು ಜನ ಪಕ್ಕದ ಸಭಾಂಗಣದಲ್ಲಿ ಸೇರುತ್ತಲೇ ಎದೆ ಬಡಿದುಕೊಂಡ.

"ನಾನು ಮಹಾಪಾಪಿ! ನನ್ನಂಥ ಪಾಪಿ ಲೋಕದಲ್ಲೇ ಇಲ್ಲ!"

ಮುದುಕಿಯರು ಕಣ್ಣೊರೆಸಿಕೊಂಡರು. ಫಾದರ್ ಬೆನ್ನು ತಟ್ಟಿದರು. ಇವನದು ಸಗಟು ಪಾಪ, ಚಿಲ್ಲರೆ ಮಾತ್ರ ಕೇಳಬಾರದು ಎಂದುಕೊಂಡಳು ಹೆಂಡತಿ.

ಚರ್ಚಿನ ಹಿರಿಯರೊಬ್ಬರು ಅರ್ಜಿ ಕೈಗೆತ್ತಿಕೊಂಡರು. "ವಸ್ತ್ರ ಸುಟ್ಟ ಕೈಗೇ ಮತ್ತೆ ಕೊಡೋದು ಹೇಗೆ? ನೀವೇ ಹೇಳಿ, ನಿಮ್ಮ ತಮ್ಮನ ಹೆಂಡ್ತಿಯಲ್ವಾ?"

ದರ್ಜಿ ತಲೆ ಬಾಗಿಸಿದ. "ನಾನು ಅವಳನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ. ಕೆಲಸದ ವಿಷಯ ಮಾತ್ರ... ದೇವರ ಚಿತ್ತ ಇದ್ದಂಗಾಗ್ಲಿ."

ಎಲಾ ಇವನ! ಕ್ಷಮಿಸಿದನಂತೆ! ಹೆಂಡತಿಗೆ ಮೈ ಉರಿದುಹೋಯಿತು. ಎದ್ದು ನಿಂತಳು.

"ಅವಳು ಸುಟ್ಟಿಲ್ಲ, ಫಾದರ್. ಸುಟ್ಟಿದ್ದು ಇವ್ರು. ನಾನು ಕಣ್ಣಾರೆ ನೋಡಿದ್ದೀನಿ."

ಎಲ್ಲರೂ ದರ್ಜಿಯತ್ತ ತಿರುಗಿದರು. ದರ್ಜಿ ನೆಲ ನೋಡಿದ, ಆ ನೋಟವೇ ಸಾಕಾಯಿತು. ಹಿರಿಯರು ಹೊಲಿಗೆ ಕೋಣೆಯ ಬೀಗದ ಕೈಯನ್ನು ಓರಗಿತ್ತಿಯ ಕೈಗಿಟ್ಟರು. ಗೆದ್ದೆನೆಂದು ಹೆಂಡತಿ ಸೆರಗು ಸರಿಮಾಡಿಕೊಂಡಳು. ಇನ್ನೇನು ಅವಳು ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಳು.

ಓರಗಿತ್ತಿ ಬಂದಳು, ತಬ್ಬಿಕೊಳ್ಳಲಿಲ್ಲ.

"ಅಕ್ಕಾ, ನೀನು ನೋಡಿದ್ದು ಯಾವತ್ತು?"

"ಅವತ್ತೇ..."

"ಮೂರು ವರ್ಷ ಬೇಕಾಯ್ತಾ?"

ವಾರವಿಡೀ ಗಂಡನನ್ನು ಆಡಿಕೊಂಡು ನಕ್ಕವಳು ಈಗ ತಾನೇ ನೆಲ ನೋಡಿದಳು. "ತಪ್ಪಾಯ್ತು ಕಣೇ," ಎಂದಳು ಕೊನೆಗೆ. ಆ ಒಂದು ಮಾತು ಆಡಲು ಇಷ್ಟು ನಾಚಿಕೆಯಾಗುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.