ಫಕೀರವ್ವನ ಬಲತೊಡೆ

ನಾನು ಒಂದು ಎಕ್ಸ್‌ರೇ ಫಿಲ್ಮು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬಾಲ್ಯ ಕಳೆದದ್ದು ರಟ್ಟಿನ ಪೆಟ್ಟಿಗೆಯ ಕತ್ತಲೆಯಲ್ಲಿ. ನಮ್ಮ ಕುಲದವರಿಗೆ ಕಣ್ಣು ತೆರೆಯುವ ಯೋಗ ಒಂದೇ ಸಲ. ಆಗ ಎದುರಿಗೆ ಬಂದದ್ದೇ ಜನ್ಮದ ಜಾತಕ. ನನ್ನೆದುರಿಗೆ ಬಂದದ್ದು ಫಕೀರವ್ವನ ಬಲತೊಡೆ.

ಫಕೀರವ್ವ ಪೇಟೆಯ ಓಣಿಯಲ್ಲಿ ರವಿಕೆ ಹೊಲಿಯುವವಳು. ಅವಳ ಹೊಲಿಗೆ ಬಿಚ್ಚಿತು ಎಂದು ಯಾರೂ ದೂರು ತಂದದ್ದಿಲ್ಲ. ಮಿಷನ್ ತುಳಿಯುವ ತೊಡೆಯಲ್ಲಿ ಮೊದಲು ಲಿಂಬೆಕಾಯಿಯಷ್ಟು ಬಾವು ಬಂತು, ಆಮೇಲೆ ಅದು ಮೋಸಂಬಿಯಷ್ಟಾಯಿತು. ನೋವು ಅಷ್ಟಿರಲಿಲ್ಲ, ಅದೇ ಮೋಸ. ಅಂಗಡಿಯ ಎದುರಿಗೇ ಡಾಕ್ಟರ್ ಜಕ್ಕಲಿಯವರ ಮೂಳೆ ಆಸ್ಪತ್ರೆ. ರಸ್ತೆ ದಾಟಿದಳು.

ನಮ್ಮನ್ನು ನೋಡಲೆಂದೇ ಅಲ್ಲೊಂದು ಬೆಳಕಿನ ಪೆಟ್ಟಿಗೆ ಇತ್ತು. ಅದರ ದೀಪ ಸತ್ತು ವರ್ಷಗಳಾಗಿ, ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ದೀಪಕ್ಕೆ ಬರಗಾಲವಿದ್ದರೂ ಸ್ಟಿಕ್ಕರಿಗೆ ಇರಲಿಲ್ಲ. ಹೆಸರು, ಡಿಗ್ರಿಗಳು, ಫೋನ್ ನಂಬರು, ಸುತ್ತ ಬಂಗಾರದ ಅಂಚು. ಡಾಕ್ಟರು ಪ್ರತಿ ಫಿಲ್ಮಿಗೂ ಅದನ್ನು ಸ್ವಂತ ಕೈಯಿಂದ, ಮುತ್ತೈದೆಗೆ ಕುಂಕುಮ ಹಚ್ಚುವ ಭಕ್ತಿಯಿಂದ ಹಚ್ಚುತ್ತಿದ್ದರು. ನೋಡುವುದು ಆಮೇಲೆ.

ಬಿಳಿ ಮೂಳೆಯನ್ನು ಮುಚ್ಚಬಾರದೆಂಬಷ್ಟು ಬುದ್ಧಿ ಅವರಿಗಿತ್ತು. ಪಕ್ಕದ ಬೂದು ಜಾಗ ಮಾತ್ರ ಖಾಲಿ ಸೈಟಿನಂತೆ ಕಂಡಿರಬೇಕು. ಅಲ್ಲೇ ಒತ್ತಿದರು, ಬಂಗಾರದ ಅಂಚು ಮೂಳೆಯ ಬದಿಯನ್ನೂ ಒಂದಿಷ್ಟು ನುಂಗಿತು.

ನನ್ನ ಮೈಯಲ್ಲಿ ಮೂಳೆ ಬಿಳುಪು, ಮಾಂಸ ಬೂದು, ಕೊಬ್ಬು ಕಪ್ಪುಗೆರೆ. ಆ ಸ್ಟಿಕ್ಕರಿನ ಕೆಳಗೆ ಇನ್ನೊಂದು ದಟ್ಟ ಬೂದು ಗುಂಡಗೆ ಉಬ್ಬಿ, ಕಪ್ಪುಗೆರೆಯನ್ನು ಅತ್ತ ತಳ್ಳಿ, ಮೂಳೆಗೆ ಹೊರಗಿನಿಂದ ಬಾಯಿ ಹಾಕಿತ್ತು. ಮೂಳೆಯೊಳಗೇ ಹುಟ್ಟಿದ ಗಡ್ಡೆ ಒಳಗಿನಿಂದ ಕೊರೆಯುತ್ತದೆ. ಇದು ಮಾಂಸದಲ್ಲಿ ಹುಟ್ಟಿ ನೆರೆಮನೆಗೆ ಕನ್ನ ಹಾಕಿದ್ದು. ಜೋಳದ ರೊಟ್ಟಿಯ ಅಂಚನ್ನು ಕಚ್ಚಿದ ಹಾಗೆ ಮೂಳೆಯ ಹೊರಗೋಡೆಯಲ್ಲಿ ಒಂದು ತಗ್ಗು. ನಾನು ಕೂಗುತ್ತಲೇ ಇದ್ದೆ. ನನ್ನ ಬಾಯಿಯ ಮೇಲೆ ಡಾಕ್ಟರ ಡಿಗ್ರಿಗಳಿದ್ದವು.

ಅವರು ನನ್ನನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿ ಇಳಿಸಿದರು. "ಎಲುಬು ಮುರದಿಲ್ಲ, ಏನಿಲ್ಲ. ಮಿಷನ್ ತುಳದು ತುಳದು ಮಾಂಸ ಉಬ್ಬೇತಿ. ಪೈಲ್ವಾನ್ ಆಗೀದಿ ನೋಡವಾ ನೀ!"

"ದಿನಾ ದೊಡ್ಡದಾಗಾಕತ್ತೇತ್ರಿ ಸಾಹೇಬ್ರ..."

"ಡಾಕ್ಟರ್ ನಾನೋ, ನೀನೋ? ಎಣ್ಣಿ ತಿಕ್ಕು, ಇಳೀತೈತಿ."

ತಿಕ್ಕಿದಳು. ನಾನು ಟ್ರಂಕಿನಲ್ಲಿ ಅಸ್ತರಿನ ಬಟ್ಟೆಗಳ ಕೆಳಗೆ ಮಲಗಿ, ಹಗೆಯನ್ನು ಹೆಪ್ಪು ಹಾಕಿದೆ.

ಮಳೆಗಾಲ ಕಳೆದು ಚಳಿ ಬಿತ್ತು. ಕಾಲೂರಲಾಗದೆ ಅವಳು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋದಳು, ಕಂಕುಳಲ್ಲಿ ನಾನು. ಅಲ್ಲಿನ ಡಾಕ್ಟರಮ್ಮ ಉರಿಯುವ ಬೆಳಕಿನ ಪೆಟ್ಟಿಗೆಗೆ ನನ್ನನ್ನು ಸಿಕ್ಕಿಸಿ, ಕಣ್ಣು ಕಿರಿದು ಮಾಡಿ, ಉಗುರಿನಿಂದ ಆ ಸ್ಟಿಕ್ಕರನ್ನು ಮೆಲ್ಲಗೆ ಎಬ್ಬಿಸಿದರು. ನನ್ನ ಬಾಯಿ ತೆರೆಯಿತು.

"ಇದನ್ನ ಯಾರು ಹಚ್ಚಿದ್ರವ್ವಾ?"

"ನಮ್ಮೂರ ಡಾಕ್ಟರ್ರಿ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದಾಯಿತು. ಆಗಲೇ ಬಂದಿದ್ದರೆ ಬಹುಶಃ ಕಾಲು ಉಳಿಯುತ್ತಿತ್ತು ಎಂದರು. ಜೀವ ಉಳಿಸಲು ಕಾಲು ತೆಗೆದರು. ಲೋಕದಲ್ಲಿ ಆ ತೊಡೆ ಈಗ ಇರುವುದು ನನ್ನಲ್ಲಿ ಮಾತ್ರ.

ಊರಿಗೆ ಬಂದ ಫಕೀರವ್ವ ಅಳಲಿಲ್ಲ. ಸೂಜಿಗೆ ದಾರ ಪೋಣಿಸಿದಳು. ಕಚ್ಚಿದ ಜಾಗ ಚೆನ್ನಾಗಿ ಕಾಣುವಂತೆ ಬಿಟ್ಟು, ಸ್ಟಿಕ್ಕರನ್ನು ನನ್ನ ಮೇಲಿನ ಮೂಲೆಗೆ ಕೆಂಪು ದಾರದಿಂದ ಹೊಲಿದಳು. ಆಸ್ಪತ್ರೆಗೆ ಎದುರಾಗಿ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದಳು. ಬೆಳಗಿನ ಬಿಸಿಲು ನನ್ನನ್ನು ಹಾದು ಬರುತ್ತದೆ. ಹುಬ್ಬಳ್ಳಿಯ ಪೆಟ್ಟಿಗೆಗೂ ಅಷ್ಟು ಬೆಳಕಿರಲಿಲ್ಲ.

"ಇದೇನ ಬೇ ಯಕ್ಕಾ?" ಎಂದು ರವಿಕೆಯ ಅಳತೆ ಕೊಡಲು ಬಂದವರು ಕೇಳುತ್ತಾರೆ.

"ನನ್ನ ಕಾಲು ನೋಡವಾ. ಹೆಸರಷ್ಟ ಡಾಕ್ಟರದು."

ಒಂದು ದಿನ ಡಾಕ್ಟರು ತಾವೇ ರಸ್ತೆ ದಾಟಿ ಬಂದರು. ಎರಡು ಕಾಲಿದ್ದಾಗ 'ನೀ' ಆಗಿದ್ದವಳು ಒಂದೇ ಕಾಲಿಗೆ 'ನೀವು' ಆಗಿದ್ದಳು.

"ಫಕೀರವ್ವಾರ, ಫಿಲ್ಮ್ ಇರ್ಲಿ. ಆ ಸ್ಟಿಕ್ಕರ್ ಅಷ್ಟ ತಗೀರಿ."

"ನೀವ ಕೈಯಾರ ಹಚ್ಚಿದ್ದು. ನಾ ಹೆಂಗ ತಗೀಲಿರಿ?"

"ಮಂದಿ ಆಡ್ಕೊಳ್ಳಾಕತ್ತಾರ. ಮನಸ್ಸಿಗೆ ಭಾಳ ತ್ರಾಸಾಗೇತ್ರಿ."

ಫಕೀರವ್ವ ಎಡಗಾಲಿನಿಂದ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಏನಿಲ್ರಿ ಸಾಹೇಬ್ರ. ಎಣ್ಣಿ ತಿಕ್ರಿ, ಇಳೀತೈತಿ."

ಅವರು ಸ್ಟಿಕ್ಕರಿಗೆ ಕೈ ಹಾಕಿದರು. ನಮ್ಮ ಕುಲದ ಮೂಲೆಗಳು ಚೂಪು. ಬೆರಳಿಗೆ ಒಂದು ಕೆಂಪು ಗೆರೆ ಎಳೆದೆ, ಕೈ ಹಿಂದೆ ಸರಿಯಿತು. ಇಷ್ಟು ದಿನ ಕಾದದ್ದಕ್ಕೆ ಅಷ್ಟಾದರೂ ನನ್ನ ಪಾಲು.

ಈಗ ಆ ಆಸ್ಪತ್ರೆಯಲ್ಲಿ ಸ್ಟಿಕ್ಕರಿಲ್ಲ. ಡಾಕ್ಟರು ಪ್ರತಿ ಫಿಲ್ಮನ್ನೂ ಹೊರಗೆ ಕಟ್ಟೆಗೆ ತಂದು, ಬಿಸಿಲಿಗೆ ಹಿಡಿದು, ಬಿಳುಪನ್ನೂ ಬೂದನ್ನೂ ಹೊತ್ತುಗಟ್ಟಲೆ ನೋಡುತ್ತಾರೆ. ಯಾರದೋ ಕಾಲು ಉಳಿದಿರಬಹುದು. ಅದಕ್ಕಾಗಿ ಕ್ಷಮಿಸುವಷ್ಟು ದೊಡ್ಡ ಮನಸ್ಸು ತೆಳ್ಳಗಿನ ನನ್ನಲ್ಲಿಲ್ಲ, ಫಕೀರವ್ವನಲ್ಲೂ ಇಲ್ಲ. ಫಿಲ್ಮು ಕೆಳಗಿಳಿಸಿದಾಗಲೆಲ್ಲ ಅವರ ಕಣ್ಣಿಗೆ ಬೀಳುವವನು ನಾನೇ.

ನನಗೂ ವಯಸ್ಸಾಯಿತು, ಮೈ ಹಳದಿಗಟ್ಟುತ್ತಿದೆ. ಸ್ಟಿಕ್ಕರಿನ ಬಂಗಾರ ಉದುರಿದೆ, ಡಿಗ್ರಿಗಳು ಮಾಸಿವೆ. ಹೆಸರು ಮಾತ್ರ ಇನ್ನೂ ಓದಲು ಬರುತ್ತದೆ. ಗಾಳಿ ಬಂದಾಗ ಅದು ಬಿದ್ದೀತೆಂದು ಡಾಕ್ಟರು ಎದುರಿನಿಂದ ಆಸೆಯಿಂದ ನೋಡುತ್ತಾರೆ. ಪಾಪ, ಅವರು ಎಂದೂ ರವಿಕೆ ಹೊಲಿಸಿದವರಲ್ಲ. ಫಕೀರವ್ವನ ಹೊಲಿಗೆ ಬಿಚ್ಚುವುದಿಲ್ಲ.