ಬೇಸಿಗೆಯ ಒಂದು ಗಂಟೆ

ಒಣಗಿದ ಬಾರ್ಲಿ ಕಡ್ಡಿಗೆ ಕುಡುಗೋಲು ತಾಗಿದರೆ ಬರುವ ಸದ್ದೇ ಬೇರೆ, ಕರಕರ, ಹಪ್ಪಳ ಮುರಿದ ಹಾಗೆ, ಬಾಳೆಗಿಡಕ್ಕೆ ಮಚ್ಚು ಬಿದ್ದಾಗ ಹಾಗಲ್ಲ, ಅದು ಸದ್ದೂ ಅಲ್ಲ, ಯಾರೋ ಒದ್ದೆ ಬಾಯಿಂದ ಉಸಿರು ಬಿಟ್ಟ ಹಾಗೆ — ಅಯ್ಯೋ, ಈಗ್ಯಾಕೆ ಅದು, ಎಂದು ವಸುಂಧರಾ ಮುಖ ತಿರುಗಿಸಿದಳು, ತಿರುಗಿಸಿದ ಕಡೆಯೂ ಕುಡುಗೋಲೇ ಹೊಳೆಯುತ್ತಿತ್ತು, ಮ್ಯಾಕಲ್ಸ್‌ಫೀಲ್ಡಿನ ಹೊರಗೆ ಗುಡ್ಡದ ಬುಡದಲ್ಲಿ ಮದುವೆ ಚಪ್ಪರದಷ್ಟು ಅಗಲದ ಹೊಲ, ಅದನ್ನು ಕೊಯ್ಯಲು ಇಷ್ಟೊಂದು ಜನ, ತಲೆಗೆ ತೆನೆ ಸಿಕ್ಕಿಸಿಕೊಂಡ ಗಡ್ಡದವರು, ಗಂಬೂಟಿನ ಅಜ್ಜಿಯರು, ಅವರ ನಾಯಿಗಳು, ಆಗಸ್ಟ್ ಒಂದು, ಇವರಿಗೆ ಲಾಮಸ್, ವರ್ಷದ ಮೊದಲ ಕೊಯ್ಲಿನ ಹಬ್ಬ, ಚರ್ಚು ಬರುವುದಕ್ಕೂ ಮೊದಲಿನದು ಎಂದು ಎದೆ ತಟ್ಟಿಕೊಂಡು ಹೇಳುವ ಹಬ್ಬ, ಅವಳಿಗೆ ಹುಟ್ಟಿದ ದಿನ, ನಲವತ್ತು ದಾಟಿತು, ಬೆಳಿಗ್ಗೆ ಅತ್ತೆ ಹೆಸರುಬೇಳೆ ಪಾಯಸ ಮಾಡಿ ಮೊದಲ ಲೋಟ ಗೋಡೆಯ ಮೇಲಿನ ಮಗನ ಪಟದ ಮುಂದಿಟ್ಟು ಎರಡನೆಯದನ್ನು ಇವಳಿಗೆ ಕೊಟ್ಟರು, ಈಗ ಮಡಿಸುವ ಕುರ್ಚಿಯಲ್ಲಿ ಕೂತಿದ್ದಾರೆ, ರಾಜೇಶ್ವರಿ, ಮೈಸೂರು ಸೀರೆಯ ಮೇಲೆ ಆ ಮಗ ಕಾರ್ತಿಕೇಯನ ಹಳೇ ನೀಲಿ ಜಾಕೆಟ್ಟು, ತೋಳು ಎರಡು ಸುತ್ತು ಮಡಿಸಿದ್ದು, ಕೈಗೆ ಬಂದದ್ದನ್ನೆಲ್ಲ ಮೂಸಿ ನೋಡುವುದು ಬೇರೆ — ಇದೇನೇ ವಸು, ಆ ಹುಲ್ಲಿನ ಗೊಂಬೆಗೆ ಕೆಂಪು ರಿಬ್ಬನ್ ಕಟ್ಟಿದಾರೆ, ಮಾಟ ಗೀಟ ಮಾಡ್ತಾರೇನೇ ಇವರು, ಮಾಟ ಅಲ್ಲ ಅತ್ತೆ, ಹೊಲದ ಜೀವ ಎಲ್ಲಾ ಕೊನೇ ಕಂತೆಗೆ ಬಂದು ಸೇರ್ಕೊಂಡಿರುತ್ತಂತೆ, ಅದನ್ನ ಕೊಯ್ದು ಗೊಂಬೆ ಮಾಡಿ ಮನೇಲಿಟ್ಕೋತಾರೆ, ಓಹೋ, ಕೊಂದುಬಿಟ್ಟು ಆಮೇಲೆ ಗೊಂಬೆ ಮಾಡಿ ಇಟ್ಕೋತಾರೋ, ಒಳ್ಳೇ ಜನ ಬಿಡು. ವಸುಂಧರಾಗೆ ನಗು ಬರಬೇಕಿತ್ತು, ಬೇರೆ ದಿನವಾಗಿದ್ದರೆ ಬರುತ್ತಿತ್ತು, ಈಗ ಅಂಗೈಯಲ್ಲಿ ಬೆವೆತು ಮೆತ್ತಗಾಗುತ್ತಿದ್ದ ಆ ಹಾಳೆಯನ್ನು ಇನ್ನೊಮ್ಮೆ ಬಿಡಿಸಿ ನೋಡಬೇಕೋ ಬೇಡವೋ ಎಂಬುದಷ್ಟೇ ತಲೆಯಲ್ಲಿ, ನೋಡದಿದ್ದರೇನು, ಕಣ್ಣು ಮುಚ್ಚಿದರೂ ಕಾಣುತ್ತಿದೆ.

ಮೊರೀನ್ ಕೊಟ್ಟದ್ದು, ಉಡುಗೊರೆ ಅಂತೆ, ಔಷಧ ಕಾರ್ಖಾನೆಯಲ್ಲಿ ಇವಳು ಗುಣಮಟ್ಟ ನೋಡುವವಳು, ಮೊರೀನ್ ಪ್ಯಾಕಿಂಗ್‌ನವಳು, ದಿನವೆಲ್ಲ ಡಬ್ಬಿಗೆ ಮಾತ್ರೆ ತುಂಬಿಸಿ ಬಿಡುವಿನಲ್ಲಿ ಎಲ್ಲರ ಗ್ರಹಗತಿ ಹೇಳುವ ಹೆಂಗಸು, ಹೋದ ವಾರ ಚಹಾ ಕುಡಿಯುತ್ತ ಕೇಳಿದ್ದಳು, ಎಲ್ಲಿ ಹುಟ್ಟಿದ್ದು, ಎಷ್ಟು ಹೊತ್ತಿಗೆ, ಇಲ್ಲೇ, ಈ ಸೀಮೆಯಲ್ಲೇ, ಅಪ್ಪ ಆಗ ಇಲ್ಲಿ ಆಸ್ಪತ್ರೆ ಡಾಕ್ಟರು, ನನಗೆ ಎರಡು ತುಂಬೋ ಮೊದಲೇ ಮೈಸೂರಿಗೆ ಹೋಗಿಬಿಟ್ಟೆವು, ರಾತ್ರಿ ಒಂಬತ್ತೂಮುಕ್ಕಾಲು, ಎಂದಿದ್ದಳು ಇವಳು, ಓ, ಲಾಮಸ್ ಕೂಸು, ಸಿಂಹರಾಶಿ, ನೋಡು ಮತ್ತೆ, ಅದಕ್ಕೇ ಪಾಳಿಯ ಪಟ್ಟಿಯಲ್ಲಿ ನಿನ್ನ ಹೆಸರು ಎಲ್ಲಿದ್ದರೂ ನೀನು ಗುರ್ ಅಂತೀಯ, ಎಂದು ಮೊರೀನ್ ಬೆನ್ನು ತಟ್ಟಿದ್ದಳು, ಇವತ್ತು ಬಂದವಳೇ ಹಾಳೆ ಕೈಗಿಟ್ಟಳು, ಗುಂಡನೆಯ ಚಕ್ರ, ಕೆಂಪು ನೀಲಿ ಗೆರೆ, ಕೆಳಗೆ ಹುಟ್ಟಿದ ಹೊತ್ತು ಎಂಟೂಮುಕ್ಕಾಲು, ತಪ್ಪಾಗಿದೆ ಮೊರೀನ್, ಒಂಬತ್ತೂಮುಕ್ಕಾಲು ಅಂದಿದ್ದೆ, ತಪ್ಪೇನಿಲ್ಲ ಲವ್, ಅದು ಗ್ರೀನಿಚ್ ಹೊತ್ತು, ಬೇಸಿಗೆಯಲ್ಲಿ ನಾವು ಗಡಿಯಾರ ಒಂದು ಗಂಟೆ ಮುಂದಕ್ಕೆ ತಳ್ಳಿರ್ತೀವಲ್ಲ, ನಕ್ಷತ್ರಕ್ಕೆ ಅದೆಲ್ಲ ಏನು ಗೊತ್ತು, ಅದರ ಪಾಲಿಗೆ ನೀನು ಎಂಟೂಮುಕ್ಕಾಲಿಗೇ ಹುಟ್ಟಿದವಳು, ಎಂದು ಹೇಳಿ ಬ್ರೆಡ್ಡು ತರಲು ಓಡಿದಳು, ಅವಳಿಗೇನು, ಓಡಿದಳು. ಗೊತ್ತಿಲ್ಲದ ಸಂಗತಿಯೇ ಇದು, ಪ್ರತಿ ಮಾರ್ಚಿನಲ್ಲೂ ಅಕ್ಟೋಬರಿನಲ್ಲೂ ಅಡುಗೆಮನೆಯ ಓವನ್ನಿನ ಗಡಿಯಾರಕ್ಕೆ ಬಟನ್ ಒತ್ತಿ ಒತ್ತಿ ಬೈಯುವವಳು ಇವಳೇ ತಾನೇ, ಆದರೆ ಜಾತಕ ಬರೆದ ಚಾಮರಾಜಪುರದ ಜೋಯಿಸರಿಗೆ ಏನು ಗೊತ್ತಿತ್ತು, ಬಿಸಿಲಿಗಾಗಿ ಗಡಿಯಾರ ತಿರುಗಿಸುವ ಜನ ಭೂಮಿಯ ಮೇಲಿದ್ದಾರೆ ಎಂದು ಅವರಿಗೆ ಯಾರು ಹೇಳಬೇಕಿತ್ತು, ಒಂಬತ್ತೂಮುಕ್ಕಾಲು ಗ್ರೀನಿಚ್ ಎಂದು ಬರೆದುಕೊಂಡು ಐದೂವರೆ ಗಂಟೆ ಕೂಡಿಸಿ ಲಗ್ನ ಕಟ್ಟಿದರು, ಮೀನ ಲಗ್ನ, ಅಲ್ಲಿಂದ ಎಣಿಸಿದರೆ ಕುಜ ಎಂಟನೇ ಮನೆಯಲ್ಲಿ, ಅಷ್ಟಮ ಕುಜ, ಮಾಂಗಲ್ಯ ಸ್ಥಾನ ರಾಮಮೂರ್ತಿಗಳೇ, ಗಂಡನ ಆಯಸ್ಸಿಗೆ ಕುತ್ತು, ಎಂದು ಪೆನ್ಸಿಲ್ ಕೆಳಗಿಟ್ಟರಂತೆ, ಅಪ್ಪ ಎದುರಿಗೇ ಕೂತಿದ್ದರು, ವರ್ಷಕ್ಕೆರಡು ಸಲ ಇಲ್ಲಿ ಕೈಗಡಿಯಾರ ತಿರುಗಿಸಿದ ಅಪ್ಪ, ಔಷಧದ ಅಳತೆ ಒಂದು ಹನಿ ಹೆಚ್ಚುಕಮ್ಮಿ ಆದರೆ ನರ್ಸಿನ ಮೇಲೆ ಹಾರಾಡುತ್ತಿದ್ದ ಅಪ್ಪ, ತಲೆ ಆಡಿಸಿ ದಕ್ಷಿಣೆ ಕೊಟ್ಟು ಎದ್ದು ಬಂದರು, ಅಮ್ಮನೂ ಅಷ್ಟೇ, ಮನೆಗೆ ಬಂದವರಿಗೆಲ್ಲ ಅದೇ ಕಥೆ, ವಸು ಹುಟ್ಟಿದಾಗ ರಾತ್ರಿ ಹತ್ತಾಗ್ತಾ ಬಂದಿತ್ತು ಕಣ್ರೀ, ಕಿಟಕೀಲಿ ಇನ್ನೂ ಬೆಳಕು, ಎಂಥಾ ದೇಶ ಅಂತೀರಿ, ಕೇಳಿದವರೆಲ್ಲ ಬಾಯಿಗೆ ಕೈಯಿಟ್ಟುಕೊಂಡು ಹೌದೇ ಅಂಬುಜಾ ಎಂದರು, ಆ ಬೆಳಕು ಯಾಕಿತ್ತು ಎಂದು ಒಬ್ಬರು, ಒಬ್ಬರಾದರೂ.

ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಕುಜ ಒಬ್ಬ ಇಲ್ಲದೇ ಹೋಗಿದ್ದಿದ್ರೆ — ಉಪ್ಪಿಟ್ಟು ತಿಂದು ಕೈ ತೊಳೆದು ಹೋದವರು ಎಷ್ಟು ಜನವೋ, ಕಾರ್ತಿಕೇಯನ ತಾಯಿ ಮಾತ್ರ ತಟ್ಟೆ ಕೆಳಗಿಟ್ಟು ದಾರಿ ಹೇಳಿದರು, ಇದೇ ರಾಜೇಶ್ವರಿ, ಆಗ ಕೂದಲು ಇನ್ನೂ ಕಪ್ಪು, ಮೊದಲು ಬಾಳೆಗಿಡಕ್ಕೆ ಕೊಟ್ಟುಬಿಡಿ, ದೋಷ ಎಲ್ಲಾ ಅದು ನುಂಗಿಕೊಳ್ಳುತ್ತೆ, ಆಮೇಲೆ ನಮ್ಮ ಹುಡುಗನಿಗೆ ಕೊಡಿ, ನಮ್ಮದೇನೂ ಅಭ್ಯಂತರವಿಲ್ಲ, ಹಾಗೆ ಮೈಸೂರಿನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಬಾಳೆಗಿಡಕ್ಕೆ ಪಂಚೆ ಉಡಿಸಿ ಬಾಸಿಂಗ ಕಟ್ಟಿದರು, ಧಾರೆ ಎರೆದರು, ಇವಳ ಕೊರಳಿಗೆ ಅದರ ಹೆಸರಲ್ಲಿ ತಾಳಿ ಬಿತ್ತು, ಗೆಳತಿ ಸೌಮ್ಯಾ ಕಿವಿಯಲ್ಲಿ, ಪರವಾಗಿಲ್ಲ ಕಣೇ, ಎತ್ತರವಾಗಿದ್ದಾನೆ, ಎಂದಾಗ ಇಬ್ಬರೂ ಮುಖ ಮುಚ್ಚಿಕೊಂಡು ನಕ್ಕಿದ್ದೂ ನಿಜ, ಆಮೇಲೆ ಎಲ್ಲರೂ ಅತ್ತ ತಿರುಗಿ ಎಂದರು, ತಿರುಗಿದಳು, ಆ ಒದ್ದೆ ಉಸಿರು ಕೇಳಿತು, ಪುರೋಹಿತರು ತಾಳಿ ಬಿಚ್ಚಿಸಿದರು, ತಲೆಗೆ ತಣ್ಣೀರು ಸುರಿದರು, ಒಂದು ಮಧ್ಯಾಹ್ನದೊಳಗೆ ಮದುವೆ ಸೂತಕ ಎರಡೂ ಮುಗಿದು ಪಾಯಸದ ಊಟ, ಸಂಜೆ ಕೂದಲು ಹಿಂಡಿಕೊಳ್ಳಲು ಹಿತ್ತಲಿಗೆ ಹೋದವಳು ಕಂಡಳು, ಚಪ್ಪಟೆಯಾಗಿ ಕಡಿದ ಬುಡ, ಅದರ ನಟ್ಟನಡುವಿನಿಂದ ಸುಳಿ ಮೇಲಕ್ಕೆದ್ದಿತ್ತು, ಹೆಬ್ಬೆರಳುದ್ದ, ತಿಳಿ ಹಸಿರು, ಬಿಗಿಯಾಗಿ ಸುತ್ತಿಕೊಂಡದ್ದು, ತುದಿಯಲ್ಲಿ ಒಂದು ಹನಿ ನೀರು, ಯಾರಿಗೂ ಹೇಳಲಿಲ್ಲ ಅವಳು, ಹೇಳಿದ್ದರೆ ಇನ್ನೊಮ್ಮೆ ಕಡಿಸುತ್ತಿದ್ದರು.

ಕಾರ್ತಿಕೇಯನಿಗೆ ಮಾತ್ರ ಹೇಳಿದಳು, ಇದೇ ಸೀಮೆಯ ಬರ್ಚ್‌ವುಡ್ಡಿಗೆ ಅವನ ಕೆಲಸಕ್ಕೆಂದು ಬಂದ ಮೊದಲ ಚಳಿಗಾಲದಲ್ಲಿ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಹಂಗಾದ್ರೆ ಇನ್ನೂ ಬದುಕಿದ್ದಾನೆ ಅನ್ನು ನನ್ನ ಪಾಲುದಾರ, ಮ್ಯಾಂಚೆಸ್ಟರಿನ ಅಂಗಡಿಯಲ್ಲಿ ಬಾಳೆಎಲೆ ಕಂಡಾಗಲೆಲ್ಲ, ದುಬಾರಿ ಮನುಷ್ಯ ಕಣೇ ನಿನ್ನ ಮೊದಲನೇ ಯಜಮಾನ, ದಿಂಡಿನ ಪಲ್ಯ ಮಾಡಿದರೆ, ಅಯ್ಯೋ ಪಾಪಿ, ಹೆಚ್ಚಿಯೇ ಹಾಕಿಬಿಟ್ಟೆಯಾ, ಎಂದು ಎರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದ, ಹಾಗೆ ತಿಂದು ನಗುತ್ತಿದ್ದವನು ಒಂದು ದಿನ ಆಫೀಸಿನ ಕಾರ್ ಪಾರ್ಕಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು, ಇಂಜಿನ್ ಆನ್ ಆಗಿಯೇ ಇತ್ತು, ವೈಪರ್ ಆಡುತ್ತಲೇ ಇತ್ತು — ಹುಟ್ಟಿನಿಂದಲೇ ಹೃದಯದ ಒಂದು ನಾಳ ಸಪೂರ ಇತ್ತಮ್ಮ, ಯಾರಿಗೂ ಗೊತ್ತಾಗುವಂಥದ್ದಲ್ಲ, ಎಂದರು ಡಾಕ್ಟರು, ಅತ್ತೆ ಬಂದಿಳಿದರು, ಏರ್‌ಪೋರ್ಟಿನಲ್ಲಿ ಟ್ರಾಲಿ ಹಿಡಿದುಕೊಂಡೇ ಇವಳ ಮುಖ ನೋಡಿ ಅಂದರು, ಬಾಳೆಗಿಡ ಸಾಕಾಗ್ಲಿಲ್ವೇನೇ ನಿನ್ನ ಕುಜನಿಗೆ. ಒಂದೇ ಸಲ ಅಂದದ್ದು, ಆಮೇಲೆ ಎಂದೂ ಇಲ್ಲ, ಆಮೇಲೆ ಇವಳ ತಲೆಗೆ ಎಣ್ಣೆ ಹಚ್ಚಿದರು, ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಮೈ ಡಾಟರ್ ಎಂದರು, ಅಂದ ಮಾತನ್ನು ಮಾತ್ರ ಅಳಿಸಲಿಲ್ಲ, ಇವಳೂ ಅಳಿಸಿ ಎಂದು ಕೇಳಲಿಲ್ಲ, ಪ್ರತಿ ಬೇಸಿಗೆಗೂ ವೀಸಾ ಮಾಡಿಸಿ ಟಿಕೆಟ್ ಕಳಿಸಿ ಕರೆಸಿಕೊಂಡಳು, ಯಾಕೆ ಕರೆಸಿಕೊಳ್ಳುತ್ತೀಯ ಎಂದು ಸೊಲಿಹಲ್ಲಿನ ಗುರುಕಿರಣ್ ಕೇಳಿದ್ದ, ಒಳ್ಳೆಯವನು, ಡಾಕ್ಟರು, ಮದುವೆಯಾಗೋಣ ಎಂದು ಎರಡು ಸಲ ಕೇಳಿ ಎರಡು ಸಲವೂ ಬೇಡ ಅನ್ನಿಸಿಕೊಂಡವನು, ಕಾರಣ ಹೇಳಲಿಲ್ಲ ಅವನಿಗೆ, ಹೇಳಿದ್ದರೆ ನಗುತ್ತಿದ್ದ, ನಗುವವರೇ ಸಾಯುವುದು ಎಂದು ಹೆದರಿದಳು, ಇಷ್ಟು ಓದಿದವಳು, ಯಂತ್ರ ಹೇಳಿದ್ದನ್ನೂ ಇನ್ನೊಂದು ಸಲ ಪರೀಕ್ಷೆ ಮಾಡದೆ ಸಹಿ ಹಾಕದವಳು, ಇದೊಂದನ್ನು ಪರೀಕ್ಷೆ ಮಾಡಲಿಲ್ಲ, ನಂಬುವುದಿಲ್ಲ ನಾನು ಇದನ್ನೆಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದಳಲ್ಲ, ನಂಬದವಳು ಅವನಿಗೆ ಬೇಡ ಅಂದದ್ದೇಕೆ, ನಂಬದವಳು ಈಗ ಈ ಹಾಳೆಯ ಹೊತ್ತನ್ನು ಫೋನಿನ ಪಂಚಾಂಗದಲ್ಲಿ ಹಾಕಿ ನೋಡಿದ್ದೇಕೆ, ಕುಂಭ ಲಗ್ನ, ಒಂದು ಗಂಟೆ ಹಿಂದಕ್ಕೆ ಹೋದರೆ ಕುಂಭ, ಕುಜ ಎಂಟರಲ್ಲಿಲ್ಲ, ಒಂದು ಮನೆ ದಾಟಿ ಕೂತಿದ್ದಾನೆ, ಯಾವತ್ತೂ ಅಲ್ಲೇ ಕೂತಿದ್ದ, ಗುರುಕಿರಣನಿಗೆ ಈಗ ಇಬ್ಬರು ಮಕ್ಕಳು.

ಮೊರೀನ್ ತಟ್ಟೆ ಹಿಡಿದು ಬಂದಳು, ಮನುಷ್ಯನ ಆಕಾರದ ಬ್ರೆಡ್ಡು, ಒಣದ್ರಾಕ್ಷಿಯ ಕಣ್ಣು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಲಗಿದೆ, ಇವನು ಧಾನ್ಯದ ರಾಜ, ಇವತ್ತು ಇವನ ಸಾವು, ನಾವೆಲ್ಲ ಬದುಕಬೇಕು ಅಂತ, ಎಂದು ಸಂಭ್ರಮದಿಂದ ಹೇಳಿ ಲಟಕ್ಕನೆ ಒಂದು ತೋಳು ಮುರಿದು ಅತ್ತೆಯ ಕೈಗಿಟ್ಟಳು, ಮೊಟ್ಟೆ ಇಲ್ಲ ತಾನೇ ಕೇಳೇ ವಸು, ಇಲ್ಲ ಅತ್ತೆ ತಿನ್ನಿ, ಅತ್ತೆ ತಿನ್ನಲಿಲ್ಲ, ಆ ತೋಳನ್ನು ಮಡಿಲಲ್ಲಿಟ್ಟುಕೊಂಡರು, ಮಗನ ಜಾಕೆಟ್ಟಿನ ಅಂಚಿನಿಂದ ಅದರ ಹಿಟ್ಟು ಒರೆಸಿದರು, ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎನಿಸಿ ವಸುಂಧರಾ ಹುಲ್ಲಿನ ಮೇಲೆ ಅವರ ಕಾಲ ಬಳಿ ಕೂತಳು, ಅತ್ತೆ, ನನ್ನ ಜಾತಕ ತಪ್ಪು, ಇಲ್ಲಿ ಬೇಸಿಗೇಲಿ ಗಡಿಯಾರ ಮುಂದೆ ಇಡ್ತಾರಲ್ಲ, ಜೋಯಿಸರು ಆ ಒಂದು ಗಂಟೆ ಕಳೀಲಿಲ್ಲ, ಮೀನ ಅಲ್ಲ ಅತ್ತೆ, ಕುಂಭ, ಇಷ್ಟೇ ಸಾಕಾಯಿತು, ಜೋಯಿಸರಿಗೇ ಪಾಠ ಹೇಳುವಷ್ಟು ಬಲ್ಲ ಹೆಂಗಸು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡಿತು, ಕುಂಭ, ಮೀನ, ಮೇಷ, ತುಟಿ ಅಲುಗುತ್ತಿತ್ತು, ಸಿಂಹ, ಕನ್ಯಾ, ತುಲಾ, ಒಂಬತ್ತು, ಬೆರಳು ನಿಂತಿತು, ಒಂಬತ್ತನೇ ಮನೆ ಭಾಗ್ಯ ಸ್ಥಾನ ಅಲ್ವೇನೇ, ಎಂದರು, ದನಿ ಎಷ್ಟು ಸಣ್ಣದು, ಹಾಗಾದ್ರೆ ನಿನ್ನದೇನೂ ಇರಲಿಲ್ಲ, ಎಂದರು, ಹೌದು, ಅಂದೇಬಿಟ್ಟರು, ಇವಳ ನೆತ್ತಿಯ ಮೇಲೆ ಕೈಯಿಟ್ಟರು, ಇಷ್ಟು ವರ್ಷ ಈ ಕೈಗೇ ಕಾದಿದ್ದೆನಲ್ಲ, ಎಣ್ಣೆ ಹಚ್ಚುವ ಕೈ ಅಲ್ಲ, ಈ ಕೈ, ಅಳು ಇನ್ನೇನು — ಆದರೆ ನೆತ್ತಿಯ ಮೇಲೆ ಆ ಹೆಬ್ಬೆರಳು ಮತ್ತೆ ಅಲುಗುತ್ತಿದೆ, ಮುಗಿದ ಲೆಕ್ಕದ ಮುಂದೆ ಇನ್ನೇನನ್ನೋ ಎಣಿಸುತ್ತಿದೆ, ಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು.

ಅಲ್ಲ ಕಣೇ ವಸು, ಎಂದರು ಅತ್ತೆ, ದೋಷ ಇದ್ದಿದ್ರೆ ಅದು ಪರಿಹಾರ, ದೋಷಾನೇ ಇಲ್ಲ ಅಂದ್ಮೇಲೆ, ಮಂತ್ರ ಹೇಳಿ ಧಾರೆ ಎರೆದು ತಾಳಿ ಕಟ್ಸಿದ್ದು ಅಂದ್ಮೇಲೆ, ಅದು ಮದುವೇನೇ ಆಯ್ತಲ್ಲೇ, ನಿಜವಾದ ಮದುವೆ, ಅದೇ ನಿನ್ನ ಗಂಡ, ಆ ಗಿಡ, ಜೀವ ಇರೋ ಗಂಡನ್ನ ಸುಮ್ಸುಮ್ನೆ ಕಡಿಸಿ ನನ್ನ ಮಗನ ಹಿಂದೆ ಬಂದೆಯಲ್ಲೇ, ಅದು ಬಿಡುತ್ತಾ. ಹೊಲದ ಆ ತುದಿಯಲ್ಲಿ ಡೋಲು ಬಡಿಯತೊಡಗಿದರು, ಕೊನೆಯ ಕಂತೆ ಬಿತ್ತು, ಜನ ಕೇಕೆ ಹಾಕಿದರು, ಮೊರೀನ್ ದೂರದಿಂದ ಬಾ ಬಾ ಎಂದು ಕೈಬೀಸುತ್ತಿದ್ದಳು, ಕಡಿಸಿದ್ದು ನೀವು, ಅನ್ನಬೇಕು, ತಟ್ಟೆ ಕೆಳಗಿಟ್ಟು ದಾರಿ ಹೇಳಿದ್ದು ನೀವು ಅತ್ತೆ, ಅವನಿಗೆ ನಾಳ ಸಪೂರ ಇತ್ತು, ಅಷ್ಟೇ, ಅನ್ನಬೇಕು, ಮಾತು ನಾಲಿಗೆಯ ಮೇಲೇ ಇದೆ, ಅತ್ತೆ ಜಾಕೆಟ್ಟಿನ ಜಿಪ್ಪು ಗಲ್ಲದವರೆಗೆ ಎಳೆದುಕೊಂಡು ಬ್ರೆಡ್ಡಿನ ತೋಳನ್ನು ಚೂರುಚೂರೇ ಮುರಿದು ತಿನ್ನತೊಡಗಿದ್ದಾರೆ, ಅಗಿಯುವ ಸದ್ದು ಕೇಳುತ್ತಿದೆ, ಅನ್ನಬೇಕು, ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೂ, ಹತ್ತು ಗಂಟೆ ತಿರುಗಿಸಿದರೂ ಈ ಬೆರಳು ಎಣಿಸಿ ಎಣಿಸಿ ಬಂದು ನಿಲ್ಲುವುದು ನನ್ನ ನೆತ್ತಿಯ ಮೇಲೇ, ಅನ್ನಬೇಕು, ಬಾಯಿ ತೆರೆದಳು, ಒದ್ದೆ ಉಸಿರೊಂದು ಹೊರಗೆ ಬಂತು, ಅಷ್ಟೇ, ಒಗೆಯುವ ಕಲ್ಲಿನ ಪಕ್ಕ ಚಪ್ಪಟೆಯಾಗಿ ಕಡಿದ ಬುಡ, ನಟ್ಟನಡುವೆ ಹೆಬ್ಬೆರಳುದ್ದ ಸುಳಿ, ತಿಳಿ ಹಸಿರು, ಬಿಗಿಯಾಗಿ ಸುತ್ತಿಕೊಂಡದ್ದು, ತುದಿಯಲ್ಲಿ ಒಂದು ಹನಿ ನೀರು, ಬೀಳುವುದಿಲ್ಲ, ಸುಳಿ, ತುದಿಯಲ್ಲಿ ಆ ಹನಿ —