ಮೂವತ್ತಾರು ಪೊಟ್ಟಣ ಮೇವು

ಮೇವಿನ ಕೋಣೆಯ ಮೇಲಿನ ಹಲಗೆ ಬರಿದಾಗಿತ್ತು. ಅವಳು ಸ್ಟೂಲಿನ ಮೇಲೆ ನಿಂತು ಆ ತುದಿಯಿಂದ ಈ ತುದಿಯವರೆಗೆ ಕೈಯಾಡಿಸಿದಳು, ಕಣ್ಣಿಗೆ ಕಾಣದ್ದು ಕೈಗಾದರೂ ಸಿಕ್ಕೀತೆಂಬಂತೆ.

"ಏನ್ ಹುಡುಕ್ತಿದೀರಾ, ಸೂಜಿ ಮೇಡಂ?"

ಬಾಗಿಲಲ್ಲಿ ಕೊಟ್ಟಿಗೆಯ ಅಣ್ಣ ನಿಂತಿದ್ದ. ಹನ್ನೆರಡು ವಾರ ಹನ್ನೆರಡು ಹಸುಗಳ ಕತ್ತಿಗೆ ಸೂಜಿ ಚುಚ್ಚಿ ರಕ್ತ ತೆಗೆದವಳಿಗೆ ಅವನಿಟ್ಟ ಹೆಸರು ಅದು. ನಿಮ್ಮ ಚಪ್ಪಲಿ ಸದ್ದು ಕೇಳಿದ್ರೇ ನಮ್ಮ ಹುಡುಗೀರು ಕತ್ತು ಒಳಗೆ ಎಳ್ಕೊತಾರೆ ಎಂದು ಛೇಡಿಸುತ್ತಿದ್ದ.

"ಇಲ್ಲಿ ಪೊಟ್ಟಣಗಳಿದ್ವು, ಅಣ್ಣಾ."

"ಓ, ಅವಾ! ಯಾರೋ ದೊಡ್ಡೋರು ನೋಡೋಕೆ ಬರ್ತಾರೆ, ಬೇಡದ್ದೆಲ್ಲ ತೆಗಿ ಅಂದ್ರಲ್ಲ ನಿಮ್ಮ ಗೈಡ್ ಮೇಡಂ. ಎಸೆಯೋಕೆ ಕೈ ಬರ್ಲಿಲ್ಲ ತಾಯಿ. ನುಣ್ಣಗೆ ಪುಡಿ ಮಾಡಿದ್ದ ಒಳ್ಳೇ ಮೇವು. ಎಲ್ಲಾ ಬಕೆಟ್ಟಿಗೆ ಸುರಿದು ಹಂಚಿಬಿಟ್ಟೆ. ಹಸುಗಳು ವಾಪಸ್ ಹೋಗೋಕೆ ಲಾರಿ ಹತ್ತೋ ಹಿಂದಿನ ದಿನ. ನೆಕ್ಕಿ ನೆಕ್ಕಿ ತಿಂದ್ವು, ನೋಡ್ಬೇಕಿತ್ತು ನೀವು!"

"ಮೇಲೆ ಚೀಟಿ ಇತ್ತಲ್ಲ..."

"ಇತ್ತು, ಟಿ-ಎರಡು, ಟಿ-ಮೂರು ಅಂತ. ಟೀ ಪುಡಿ ಏನೋ ಅಂತ ಮೂಸಿ ಬೇರೆ ನೋಡ್ದೆ!" ಅವನು ನಕ್ಕ. ಅವಳ ಮುಖ ಕಂಡು ನಗು ಅಲ್ಲೇ ನಿಂತಿತು. "ಬೇಕಾಗಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವನು ಅತ್ತ ಹೋದ ಮೇಲೆ ಕೊಟ್ಟಿಗೆಗೆ ಹೋಗಿ ಗೋದಲಿಗಳ ಮುಂದೆ ಮಂಡಿಯೂರಿದಳು. ಮೂಲೆಮೂಲೆಯನ್ನೂ ಬೆರಳಿಂದ ಕೆರೆದಳು. ಪೈಪಿನ ನೀರು ಬಿಟ್ಟು ತೊಳೆದಿದ್ದ ಸಿಮೆಂಟು ತಣ್ಣಗಿತ್ತು. ಒಂದಿಷ್ಟು ಪುಡಿ ಸಿಕ್ಕಿದ್ದರೂ ಯಾವ ವಾರದ್ದು, ಯಾವ ಮೇವಿನದ್ದು ಎಂದು ಯಾರು ಹೇಳಬೇಕಿತ್ತು?

ಅವಳ ಎರಡು ವರ್ಷದ ಓದೆಲ್ಲ ಒಂದು ಕಳೆಯುವ ಲೆಕ್ಕದ ಮೇಲೆ ನಿಂತಿತ್ತು. ಸಾರಜನಕದಲ್ಲಿ ಹಗುರದ್ದೊಂದು, ಅದಕ್ಕಿಂತ ತುಸುವೇ ಭಾರದ್ದೊಂದು. ಮೇವಿನಲ್ಲಿ ಎರಡೂ ಇರುತ್ತವೆ. ಹಗುರದ್ದು ಗಂಜಲದ ಜೊತೆ ಬೇಗ ಹೊರಟುಹೋಗುತ್ತದೆ, ಭಾರದ್ದು ಹಸುವಿನ ಮೈಯಲ್ಲಿ ತಂಗುತ್ತದೆ. ತಿಂದದ್ದನ್ನು ಹೆಚ್ಚು ದಂಡ ಮಾಡುವ ಹಸುವಿನ ರಕ್ತದಲ್ಲಿ ಭಾರದ್ದೂ ಹೆಚ್ಚು. ಹನಿ ರಕ್ತದಿಂದಲೇ ಯಾವ ಹಸು ಮೇವನ್ನು ಮೈಗೂ ಹಾಲಿಗೂ ಹಿಡಿಸಿಕೊಳ್ಳುತ್ತದೆ ಎಂದು ಹೇಳಬಹುದು. ಆದರೆ ರಕ್ತದಲ್ಲಿ ಭಾರದ್ದೆಷ್ಟು ಎಂಬ ಅಂಕಿಯಿಂದ ಆ ಹಸು ತಿಂದ ಮೇವಿನ ಅಂಕಿಯನ್ನು ಕಳೆಯಲೇಬೇಕು. ಮೂರು ಬಗೆಯ ಮೇವು, ಪ್ರತಿ ವಾರ ಹೊಸ ಹೊರೆ, ಒಂದೊಂದರಿಂದಲೂ ಒಂದೊಂದು ಪೊಟ್ಟಣ. ರಕ್ತದ ಅಂಕಿಗಳು ನಿನ್ನೆಯಷ್ಟೇ ಬಂದಿದ್ದವು. ಇನ್ನು ಪೊಟ್ಟಣಗಳನ್ನು ಯಂತ್ರಕ್ಕೆ ಕಳಿಸಬೇಕಿತ್ತು, ಅಷ್ಟೇ. ಮನೆಗೆ ಬಂದವರಿಗೆಲ್ಲ ಅಕ್ಕ ಆಗಲೇ ಹೇಳಿಯಾಗಿತ್ತು: "ನಮ್ಮವಳು ಡಾಕ್ಟರ್ ಆಗ್ತಿದಾಳೆ. ಹಸುವಿಗಲ್ಲ, ಹಸು ತಿಂದದ್ದಕ್ಕೆ!"

ಪೊಟ್ಟಣಗಳು ಲ್ಯಾಬಿನ ಕಪಾಟಿನಲ್ಲಿ ಇರಬೇಕಾದವು. ಅಲ್ಲಿ ಸೀನಿಯರ್ ಒಬ್ಬಳ ಡಬ್ಬಗಳಿದ್ದವು. 'ಅಕ್ಕಾ, ಒಂದು ಖಾನೆ ಬಿಟ್ಟುಕೊಡ್ತೀರಾ?' ಈ ಒಂದು ಮಾತನ್ನು ಡೈರಿಯಲ್ಲಿ ನಾಲ್ಕು ದಿನ ನಾಲ್ಕು ಬಗೆಯಾಗಿ ಬರೆದುಕೊಂಡಿದ್ದಳು. ಐದನೆಯ ದಿನ ಯಾರನ್ನೂ ಏನೂ ಕೇಳಬೇಕಾಗಿಲ್ಲದ ಮೇವಿನ ಕೋಣೆಯ ಹಲಗೆ ಕಣ್ಣಿಗೆ ಬಿತ್ತು. ಇವು ಬೇಕು ಎಂದು ಅಣ್ಣನಿಗಾದರೂ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಅವನು ತಾನಾಗಿಯೇ ಮಾತಾಡಿಸುತ್ತಿದ್ದ. ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

ಪೊಟ್ಟಣಗಳಿಲ್ಲವೆಂದು ಅವಳು ಹೇಳಿದಾಗ ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಂದು ಸೆಟ್?"

"ಇಲ್ಲ ಮೇಡಂ."

"ಯಾರು ತೆಗೆದಿದ್ದು?"

ನೀವೇ ಹೇಳಿದ್ರಂತೆ ಎಂಬ ಮಾತು ಗಂಟಲವರೆಗೆ ಬಂತು. ಅದರ ಹಿಂದೆಯೇ ಪೊರಕೆ ಹಿಡಿದ ಅಣ್ಣನೂ ಕಣ್ಣೆದುರು ಬಂದ. ಕಾಯಂ ಅಲ್ಲದ ನೌಕರ ಅವನು, ಬೇಡವೆಂದರೆ ನಾಳೆಯೇ ಬೇಡ.

"ನನ್ನದೇ ತಪ್ಪು. ಯಾರಿಗೂ ಹೇಳಿರ್ಲಿಲ್ಲ."

"ಬಾಯಿ ಇರೋದು ಯಾತಕ್ಕಮ್ಮಾ?" ಎಂದರು ಗೈಡ್. ಬೈಗುಳವೂ ಅಲ್ಲ, ಬರೀ ಸುಸ್ತು.

"ಮೇವಿಗೆ ಅಂದಾಜು ಅಂಕಿ ಹಾಕಿದ್ರೆ..."

"ಹಸು ಹಸುಗಳ ನಡುವಿನ ವ್ಯತ್ಯಾಸವೇ ಕೂದಲೆಳೆಯಷ್ಟು. ಅಂದಾಜು ಹಾಕಿದ್ರೆ ನಿನ್ನ ಅಂದಾಜೇ ಉತ್ತರವಾಗಿ ಬರುತ್ತೆ. ಹಸು ಬಂದು ಬೇರೆ ಸಾಕ್ಷಿ ಹೇಳುತ್ತಾ?"

"ಇನ್ನೊಂದು ಸಲ ಮಾಡ್ಲಾ, ಮೇಡಂ?"

"ಹಸು ಎಲ್ಲಿವೆ? ನಿನ್ನ ಅವಧಿ ಮುಂದಿನ ತಿಂಗಳಿಗೆ ಮುಗಿಯುತ್ತೆ. ಕೇಳಿ ನೋಡ್ತೀನಿ, ಆದ್ರೆ ಆಸೆ ಇಟ್ಕೋಬೇಡ." ಅವರು ಕನ್ನಡಕ ಹಾಕಿಕೊಂಡರು. "ಎರಡು ವರ್ಷ ಇಲ್ಲಿದ್ದೆ ಅಂತ ಒಂದು ಪತ್ರ ಕೊಡ್ತೀನಿ. ಎಲ್ಲಾದ್ರೂ ಉಪಯೋಗಕ್ಕೆ ಬರಬಹುದು."

ಪದವಿಯ ಬದಲಿಗೆ ಒಂದು ಪತ್ರ. ಅವಳು ಥ್ಯಾಂಕ್ಸ್ ಎಂದಳು. ಅದೊಂದು ಮಾತ್ರ ತಡವರಿಸದೆ ಬಂತು.

"ಹಾಂ, ಫ್ರೀಜರಿನಲ್ಲಿ ನಿನ್ನ ಟ್ಯೂಬುಗಳಿವೆಯಲ್ಲ, ಇವತ್ತೇ ಖಾಲಿ ಮಾಡಿಬಿಡು. ಸೋಮವಾರ ಹೊಸಬರು ಬರ್ತಿದಾರೆ, ಜಾಗ ಬೇಕು."

ಮಧ್ಯಾಹ್ನವಿಡೀ ಅವಳು ಫ್ರೀಜರಿನ ಮುಂದೆ ಕುಳಿತಳು. ನೂರನಲವತ್ತನಾಲ್ಕು ಟ್ಯೂಬು, ಒಂದೊಂದರ ಮೇಲೂ ಅವಳದೇ ಅಕ್ಷರ. ಏಳನೇ ಹಸು, ಮೂರನೇ ವಾರ: ಅವತ್ತು ಒದ್ದು ಮೊಣಕಾಲು ಊದಿಸಿತ್ತು. ಎರಡನೇ ಹಸು, ಹತ್ತನೇ ವಾರ: ಸುಮ್ಮನೆ ನಿಂತು ಅವಳ ತೋಳು ನೆಕ್ಕಿತ್ತು. ಅದು ಮೇವನ್ನು ಮೈಗೆ ಹಿಡಿಸಿಕೊಳ್ಳುವ ಹಸುವೋ ದಂಡ ಮಾಡುವ ಹಸುವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಮೊದಮೊದಲು ಒಂದೊಂದೇ ಓದಿ ಕೆಂಪು ಚೀಲಕ್ಕೆ ಹಾಕುತ್ತಿದ್ದಳು. ಬೆರಳು ಮರಗಟ್ಟಿದ ಮೇಲೆ ಓದುವುದನ್ನು ಬಿಟ್ಟು ಹಿಡಿಹಿಡಿಯಾಗಿ ಸುರಿದಳು.

ಚೀಲವನ್ನು ಸುಡುವ ಕಡೆಗೆ ಒಯ್ಯಲು ಅಣ್ಣನೇ ಬಂದ.

"ಏನಿದು ಮೇಡಂ, ಇಷ್ಟೊಂದು?"

ಹೇಳಬಹುದಿತ್ತು. ಹೇಳಿದರೆ ಈ ಮನುಷ್ಯ ಇವತ್ತು ಮನೆಗೆ ಹೋಗಿ ಊಟ ಮಾಡಲಾರ.

"ಹಳೇದು, ಅಣ್ಣಾ."

"ಹಳೇದು ತೆಗೆದುಬಿಡೋದೇ ಒಳ್ಳೇದು," ಎಂದು ಅವನು ಚೀಲದ ಬಾಯಿ ಬಿಗಿದು ಕಟ್ಟಿದ. "ಮತ್ತೆ ಯಾವಾಗ ಶುರು ನಿಮ್ಮ ಸೂಜಿ?"

"ನೋಡ್ಬೇಕು," ಎಂದಳು ಅವಳು.